ಚದುರಂಗದ ಮಣೆ ಮತ್ತು ತರಗತಿಯ ಮಾತು

ಚದುರಂಗ ಕಲಿತ ಮಗುವಿಗೆ ಗಣಿತ ತಾನಾಗಿ ಒಲಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅರ್ಮೇನಿಯ ದೇಶವು 2011ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಈ ಆಟವನ್ನು ಕಡ್ಡಾಯ ವಿಷಯವನ್ನಾಗಿಸಿತು. ಆದರೆ ಇಂಗ್ಲೆಂಡಿನ 100 ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚದುರಂಗ ಕಲಿತ ಮಕ್ಕಳ ಗಣಿತದ ಸಾಧನೆಯು ಒಂದು ವರ್ಷದ ಬಳಿಕ ಇತರರಿಗಿಂತ ಹೆಚ್ಚಿರಲಿಲ್ಲ. ಆದ್ದರಿಂದ ಕೇವಲ ಅಂಕಗಳ ಆಸೆಯಿಂದ ಮಣೆಯನ್ನು ತರಗತಿಗೆ ತರುವುದು ಉಚಿತವಲ್ಲ.

ಹಾಗಾದರೆ ಪ್ರಯೋಜನವೇನು? ಕಾಯಿ ಮುಟ್ಟುವ ಮೊದಲು ಮಗು ಯೋಚಿಸಬೇಕು. ಎದುರಾಳಿಯ ಉದ್ದೇಶವನ್ನು ಊಹಿಸಬೇಕು. ಸೋತಾಗ ಕಾರಣವನ್ನು ತನ್ನ ನಡೆಯಲ್ಲಿಯೇ ಹುಡುಕಬೇಕು. ಈ ಯೋಚನೆ ಮೌನವಾಗಿ ಉಳಿದರೆ ಆಟದಲ್ಲಿಯೇ ಮುಗಿಯುತ್ತದೆ. ಅದನ್ನು ಮಾತಿಗೆ ತರುವುದು ಶಿಕ್ಷಕರ ಕಾರ್ಯ.

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಮನೆಯಲ್ಲಿ ತುಳು, ಮಲಯಾಳ, ಮರಾಠಿ ಅಥವಾ ತೆಲುಗು ಆಡುವ ಮಗುವಿಗೆ ತರ್ಕದ ಕನ್ನಡ ಶಾಲೆಯ ಹೊರಗೆ ಕೇಳಸಿಗುವುದು ವಿರಳ. “ಕುದುರೆಯನ್ನು ಅಲ್ಲಿಗೆ ನಡೆಸಿದರೆ ಆನೆ ಸಿಕ್ಕಿಬೀಳುತ್ತದೆ, ಏಕೆಂದರೆ ಅದಕ್ಕೆ ಕಾವಲಿಲ್ಲ” ಎನ್ನುವಾಗ ಮಗು ಷರತ್ತು, ಕಾರಣ, ಪರಿಣಾಮಗಳನ್ನು ಒಂದೇ ವಾಕ್ಯದಲ್ಲಿ ಜೋಡಿಸುತ್ತದೆ. ಹೇಳಬೇಕಾದ ವಿಷಯ ಕಣ್ಣೆದುರೇ ಇರುವುದರಿಂದ ಕಡಿಮೆ ಕನ್ನಡ ಬಲ್ಲ ಮಗುವೂ ಹಿಂಜರಿಯದು.

ಒಂದು ಮಣೆಗೆ ನಾಲ್ವರು ಮಕ್ಕಳು ಸಾಕು. ಒಂದೊಂದು ಪಕ್ಷಕ್ಕೆ ಇಬ್ಬರಿರಲಿ. ಮೊದಲಿಗೆ ರಾಜ ಮತ್ತು ಕಾಲಾಳುಗಳನ್ನು ಮಾತ್ರ ಇಟ್ಟು ಆಡಿಸಬಹುದು. ಜೊತೆಗಾರರು ಚರ್ಚಿಸಿದ ಬಳಿಕವೇ ಕಾಯಿ ನಡೆಯಬೇಕೆಂಬುದು ನಿಯಮ. ಆಟ ಮುಗಿದಾಗ ಪ್ರತಿ ಮಗುವೂ ಒಂದು ನಡೆಯನ್ನು ಆರಿಸಿ, ಅದರ ಕಾರಣವನ್ನು ಮೂರು ವಾಕ್ಯಗಳಲ್ಲಿ ಬರೆಯಲಿ. ಗೆದ್ದವರ ಪಟ್ಟಿಗಿಂತ ಆ ಮೂರು ವಾಕ್ಯಗಳೇ ಮೌಲ್ಯಮಾಪನಕ್ಕೆ ಯೋಗ್ಯವಾದ ಆಧಾರ.