ವ್ಯಾಪಾರ ನಿಮ್ಮ ಜಾಯಮಾನ ಅಲ್ವಾ?

‘ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಮಾರಾಟಕ್ಕಿಟ್ರೆ ಖಂಡಿತ ಹೋಗತ್ತೆ ಕಣ್ರೀ!’ ಸೊರಬದಲ್ಲೋ ಶಿಕಾರಿಪುರದಲ್ಲೋ ಇರುವ ನಿಮಗೆ ಪಕ್ಕದ ಮನೆಯವರು ಹೀಗೆ ಹೇಳಿರಬಹುದು. ‘ಅಯ್ಯೋ, ಅದೆಲ್ಲ ನಮ್ಮ ಜಾಯಮಾನಕ್ಕೆ ಒಗ್ಗಲ್ಲ’ ಎಂದು ನಕ್ಕು ಸುಮ್ಮನಾದಿರಾ? ಹಾಗಿದ್ದರೆ ಇದನ್ನು ಓದಿ.

ಸ್ವಂತ ಉದ್ಯೋಗಕ್ಕೆ ಇಳಿಯುವವರು ಯಾರು ಎಂಬುದನ್ನು ಸಂಶೋಧಕರು ಲೆಕ್ಕ ಹಾಕಿ ನೋಡಿದ್ದಾರೆ. ಸಾವಿರಾರು ಜನರ ವಯಸ್ಸು, ಓದು, ಹೆತ್ತವರ ಕಸುಬು, ಕೈಯಲ್ಲಿದ್ದ ಹಣ ಎಲ್ಲವನ್ನೂ ಕಲೆಹಾಕಿ, ಉಳಿದದ್ದೆಲ್ಲ ಸಮವಿದ್ದಾಗ ಒಂದೊಂದರ ತೂಕ ಎಷ್ಟೆಂದು ಅಳೆಯುವುದು ಇದರ ಕ್ರಮ.

ಹಣದ ಮಾತು

1958ರ ಮಾರ್ಚ್‌ನ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದವರ ವಿವರಗಳನ್ನು ಬ್ಲಾಂಚ್‌ಫ್ಲವರ್ ಮತ್ತು ಓಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಹೀಗೆ ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಮಾಡಿದ್ದ ಮನೋಪರೀಕ್ಷೆಗಳಿಂದ ಹೆಚ್ಚೇನೂ ತಿಳಿಯಲಿಲ್ಲ. ಉಡುಗೊರೆಯಾಗಿಯೋ ಪಿತ್ರಾರ್ಜಿತವಾಗಿಯೋ ಹಣ ಸಿಕ್ಕವರೇ ಹೆಚ್ಚಾಗಿ ಸ್ವಂತ ಉದ್ಯೋಗಕ್ಕೆ ಇಳಿದಿದ್ದರು. ಅಂದರೆ, ಅನೇಕರಿಗೆ ಕೊರತೆಯಾಗಿದ್ದು ಗುಣವಲ್ಲ, ಬಂಡವಾಳ!

ಕಣ್ಣೆದುರಿನ ಪಾಠ

ಹೆತ್ತವರು ಸ್ವಂತ ಕಸುಬಿನವರಾದರೆ ಮಕ್ಕಳೂ ಆ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಸೊರಬದ ಗುಡಿಗಾರರನ್ನೇ ನೋಡಿ. ಗಂಧದ ಕೆತ್ತನೆಯನ್ನು ಮಕ್ಕಳು ಮನೆಯಲ್ಲೇ ನೋಡಿ ಕಲಿಯುತ್ತ ಬಂದರು. ನಿಮ್ಮ ಮನೆಯಲ್ಲಿ ಅಂಥವರಿಲ್ಲವೇ? ಗೆಳತಿಯರಿದ್ದಾರಲ್ಲ!

ಅಹಮದಾಬಾದಿನ ಸೇವಾ ಬ್ಯಾಂಕಿನ ಮಹಿಳೆಯರಿಗೆ ಎರಡು ದಿನದ ವ್ಯಾಪಾರ ತರಬೇತಿ ಕೊಟ್ಟಾಗ, ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವರನ್ನು ಒಬ್ಬರೇ, ಕೆಲವರನ್ನು ಗೆಳತಿಯ ಜತೆ ಕರೆಯಲಾಗಿತ್ತು. ನಾಲ್ಕು ತಿಂಗಳ ನಂತರ ಗೆಳತಿಯ ಜತೆ ಬಂದವರ ವ್ಯಾಪಾರವೇ ಚುರುಕಾಗಿತ್ತು, ಮನೆಯ ಆದಾಯವೂ ಹೆಚ್ಚಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಹೆಣ್ಣುಮಕ್ಕಳಿಗೆ ಕಟ್ಟುಪಾಡು ಹೆಚ್ಚಿರುವ ಸಮುದಾಯಗಳಲ್ಲಿ ಗೆಳತಿಯ ಬಲ ಇನ್ನೂ ದೊಡ್ಡದು.

ನೀವು ಹೀಗೆ ಮಾಡಿ

* ನಿಮ್ಮೂರಿನ ಸ್ತ್ರೀಶಕ್ತಿ ಸಂಘದಲ್ಲಿ ಜತೆಗಾರ್ತಿಯೊಬ್ಬರನ್ನು ಹುಡುಕಿಕೊಳ್ಳಿ. ತರಬೇತಿಗೆ ಇಬ್ಬರೂ ಒಟ್ಟಿಗೆ ಹೋಗಿ.

* ಒಂದು ತಿಂಗಳು ಲೆಕ್ಕ ಬರೆಯಿರಿ. ಮಿಡಿ, ಎಣ್ಣೆ, ಬಾಟಲಿ, ಬಸ್ ಚಾರ್ಜು ಎಲ್ಲ ಸೇರಲಿ. ನಿಮ್ಮ ದುಡಿಮೆಗೂ ಕೂಲಿ ಹಾಕಿಕೊಳ್ಳಿ, ಮರೀಬೇಡಿ.

* ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50 ಸಾವಿರ ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲಕ್ಕೆ ಅರ್ಜಿ ಹಾಕಬಹುದು. ಬ್ಯಾಂಕಿನಲ್ಲಿ ವಿಚಾರಿಸಿ.

* ತಿನ್ನುವ ಪದಾರ್ಥವಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ.

ಒಂದು ಎಚ್ಚರಿಕೆ. ಲೆಕ್ಕ ಹೇಳುವುದು ಸಾಧ್ಯತೆಯನ್ನಷ್ಟೇ, ಲಾಭದ ಖಾತ್ರಿಯನ್ನಲ್ಲ. ಮಗಳ ಫೀಸಿನ ದುಡ್ಡು, ಕತ್ತಿನ ಸರ ಮುಟ್ಟಬೇಡಿ. ಕಳೆದುಕೊಂಡರೂ ತಡೆದುಕೊಳ್ಳುವಷ್ಟೇ ಹಣ ಹಾಕಿ, ಹತ್ತು ಬಾಟಲಿಯಿಂದ ಶುರು ಮಾಡಿ. ಜಾಯಮಾನದ ಮಾತು ಆಮೇಲೆ ನೋಡೋಣ!