ಮೈಸೂರಿನಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ?

ಮೈಸೂರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲ ದಂಡೆಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇಕಡಾ 9ರಷ್ಟು ಕಡಿಮೆ. ಮೇಲಿನಿಂದ ಒತ್ತುವ ಗಾಳಿಯ ಭಾರ ಕಡಿಮೆಯಾದಷ್ಟೂ ನೀರು ಬೇಗ ಹಬೆಯಾಗುತ್ತದೆ. ಹಾಗಾಗಿ 97 ಡಿಗ್ರಿ ದಾಟುತ್ತಲೇ ಕೊತಕೊತ ಕುದಿ ಬರುತ್ತದೆ. ಚಾಮುಂಡಿ ಬೆಟ್ಟದ ಮೇಲೆ ಇನ್ನೂ ಒಂದು ಡಿಗ್ರಿ ಕಡಿಮೆಯೇ ಸಾಕು. ಪುಸ್ತಕದಲ್ಲಿರುವ ನೂರು, ಸಮುದ್ರ ಮಟ್ಟದ ಲೆಕ್ಕ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನನಗೆ ಈ ಎರಡು ಎರಡೂವರೆ ಡಿಗ್ರಿ ಬಹಳ ದೊಡ್ಡ ವಿಷಯ. ಬೀಕರಿನಲ್ಲಿ ಐಸ್ ತುಂಡು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಕರಗಿ ಕುದಿಯುವವರೆಗೂ ರೀಡಿಂಗ್ ಬರೆದುಕೊಳ್ಳುವ ಚಟುವಟಿಕೆ ಒಂಬತ್ತನೇ ತರಗತಿಯಲ್ಲಿದೆ. ಪ್ರತಿ ವರ್ಷವೂ ಯಾವುದಾದರೂ ಗುಂಪಿನಿಂದ ಅದೇ ಪ್ರಶ್ನೆ ಬರುತ್ತದೆ.

“ಮಿಸ್, ತೊಂಬತ್ತೇಳಕ್ಕೇ ನಿಂತುಬಿಡ್ತು. ನೂರು ಅಂತ ಬರೀಲಾ?”

“ಥರ್ಮಾಮೀಟರ್ ಏನು ತೋರಿಸ್ತಿದೆಯೋ ಅದನ್ನೇ ಬರಿಯಮ್ಮ.”

ಆಮೇಲೆ ಎಲ್ಲ ಗುಂಪಿನ ರೀಡಿಂಗೂ ಬೋರ್ಡಿನ ಮೇಲೆ ಬರುತ್ತದೆ: 96, 97, 97.5, 98, ಒಂದು ಮೂಲೆಯಲ್ಲಿ 100. ಇಲ್ಲಿಂದಲೇ ನಿಜವಾದ ಪಾಠ ಶುರು. ಪಾದರಸದ ಎಳೆಯ ತುದಿಗೆ ಕಣ್ಣು ನೇರವಾಗಿತ್ತೇ, ಮೇಲಿನಿಂದ ಬಗ್ಗಿ ನೋಡಿದಿರೇ? ಬಲ್ಬು ಬೀಕರಿನ ತಳಕ್ಕೆ ತಾಗಿತ್ತೇ? ಥರ್ಮಾಮೀಟರೇ ತಪ್ಪು ತೋರಿಸುತ್ತಿರಬಹುದಲ್ಲ? ಅದಕ್ಕೆ ಒಬ್ಬ ಹುಡುಗ ತಕ್ಷಣ ಉತ್ತರ ಹೇಳುತ್ತಾನೆ: ಐಸ್ ಕರಗುವಾಗ ಅದೇ ಥರ್ಮಾಮೀಟರ್ ಸೊನ್ನೆ ತೋರಿಸಿತ್ತಲ್ಲ! ಹೀಗೆ ಒಂದೊಂದೇ ಅನುಮಾನ ಕಳೆದ ಮೇಲೆ ಊರಿನ ಎತ್ತರದ ಮಾತು ಬರುತ್ತದೆ. ಆ ಹೊತ್ತಿಗೆ ಮಕ್ಕಳು ಗಾಳಿಯ ಒತ್ತಡದ ವಿಚಾರವನ್ನು ಕೇಳಿ ತಿಳಿಯಲು ಹಸಿದಿರುತ್ತಾರೆ. ನೂರು ಎಂದು ಬರೆದವರಿಗೆ ಈ ದಾರಿಯಲ್ಲಿ ಏನೂ ಸಿಗುವುದಿಲ್ಲ. ಅವರು ಪುಸ್ತಕಕ್ಕೆ ಹೆದರಿ ತಮ್ಮ ಕಣ್ಣನ್ನೇ ಬಿಟ್ಟುಕೊಟ್ಟಿರುತ್ತಾರೆ.

ಹೈಸ್ಕೂಲಿನಲ್ಲಿ ಲ್ಯಾಬ್ ಬೇಕಾಗಿರುವುದು ಇದಕ್ಕಾಗಿ ಎಂಬುದು ನನ್ನ ಗಟ್ಟಿ ನಂಬಿಕೆ. ಪಾಠದಲ್ಲಿರುವುದು ನಿಜವೆಂದು ತೋರಿಸಿಕೊಡುವುದು ಲ್ಯಾಬಿನ ಚಿಕ್ಕ ಕೆಲಸ. ತಾನು ಕಂಡದ್ದನ್ನು ಕಂಡಂತೆ ಬರೆದು, ಅದರ ಪರವಾಗಿ ನಿಂತು ವಾದಿಸಲು ಹದಿನಾಲ್ಕು ವರ್ಷದ ಮಗುವಿಗೆ ಧೈರ್ಯ ಕೊಡುವುದು ದೊಡ್ಡ ಕೆಲಸ.

ಈ ವಿಚಾರದಲ್ಲಿ ನಮ್ಮೂರಿಗೆ ಒಳ್ಳೆಯ ಪರಂಪರೆಯಿದೆ. ಪ್ರೌಢಶಿಕ್ಷಣದ ಬಗ್ಗೆ ಕೇಂದ್ರ ಸರ್ಕಾರ ನೇಮಿಸಿದ್ದ ಮುದಲಿಯಾರ್ ಆಯೋಗ 1952-53ರಲ್ಲಿ ಬಹೂದ್ದೇಶ ಪ್ರೌಢಶಾಲೆಗಳು ಬೇಕೆಂದು ಹೇಳಿತು. ಅಂಥ ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡಲು ದೇಶದ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಕಾಲೇಜುಗಳು ಹುಟ್ಟಿದವು: ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು. ಮಾನಸಗಂಗೋತ್ರಿಯ ಪಕ್ಕದ ನಮ್ಮ ಕಾಲೇಜು ಶುರುವಾದದ್ದು 1963ರಲ್ಲಿ. ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾಗಿರುವ ಅದನ್ನು ಎಲ್ಲರೂ ಆರ್‌ಐಇ ಎನ್ನುತ್ತಾರೆ. ಬಿ.ಎಸ್ಸಿ. ಮುಗಿಸಿ ಆಮೇಲೆ ಬಿ.ಎಡ್. ಮಾಡುವ ದಾರಿಯನ್ನು ಬಿಟ್ಟು, ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಕೋರ್ಸನ್ನು ಅಲ್ಲಿ ನಡೆಸಿದರು. ಅದೇ ಆವರಣದಲ್ಲಿ ಪ್ರಾತ್ಯಕ್ಷಿಕೆಗೆಂದೇ ಒಂದು ಶಾಲೆಯೂ ಇದೆ. ಮೇಷ್ಟ್ರಾಗುವವರು ಮೊದಲು ತಾವೇ ಟೆಸ್ಟ್ ಟ್ಯೂಬ್ ಹಿಡಿದು ಪಳಗಿರಬೇಕು ಎಂಬ ವಿಚಾರ ಇದರ ಹಿಂದಿದೆ. ಬಿಸಿ ಗಾಜಿಗೂ ಆಮ್ಲಕ್ಕೂ ಸ್ವತಃ ಅಂಜುವವರು ಮಕ್ಕಳ ಕೈಗೆ ಅವನ್ನು ಕೊಡುವುದಾದರೂ ಹೇಗೆ?

ಆದರೆ ಊರಿನ ಎಷ್ಟೋ ಶಾಲೆಗಳಲ್ಲಿ ಸಾಮಾನು ಬೀರುವಿನಲ್ಲೇ ಉಳಿದಿದೆ. ನಲವತ್ತು ನಿಮಿಷದ ಪೀರಿಯಡ್, ತರಗತಿ ತುಂಬ ಮಕ್ಕಳು, ಗಾಜು ತೊಳೆದಿಡಲು ಲ್ಯಾಬ್ ಅಟೆಂಡರ್ ಇಲ್ಲ. ಒಡೆದ ಬೀಕರಿಗೆ ಯಾರು ಲೆಕ್ಕ ಕೊಡಬೇಕು ಎಂಬ ಭಯ ಬೇರೆ. ಪರೀಕ್ಷೆಯೂ ಇದಕ್ಕೆ ಕಾರಣ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಇಲ್ಲ. ಅದೇ ಮಗು ಪಿಯುಸಿಗೆ ಹೋದ ಕೂಡಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಂದೊಂದಕ್ಕೂ 30 ಅಂಕದ ಪ್ರಾಕ್ಟಿಕಲ್ ಎದುರಿಸಬೇಕು. ಪಿಪೆಟ್ ಹಿಡಿದೇ ಗೊತ್ತಿಲ್ಲದ ಕೈಗಳು ಆಗ ನಡುಗುತ್ತವೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಕಾರ್ಯಕ್ರಮದವರು ಪರೀಕ್ಷೆಯ ಈ ಪ್ರಭಾವವನ್ನು ಚೆನ್ನಾಗಿ ಅರಿತಿದ್ದರು. ಮಕ್ಕಳು ಪ್ರಯೋಗ ಮಾಡಿಯೇ ಕಲಿಯಬೇಕಾದರೆ ಪರೀಕ್ಷೆಯೂ ಬದಲಾಗಬೇಕೆಂದು ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ ತಂದರು, ಪ್ರಯೋಗಕ್ಕೂ ಅಂಕ ಇಟ್ಟರು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ಅದು ಇಂದಿಗೂ ನನಗೆ ನೋವಿನ ಸಂಗತಿ.

ಹಾಗೆಂದು ಕೈಗೆ ಸಾಮಾನು ಕೊಟ್ಟರೆ ಸಾಕೇ? ಸಾಲದು. ಇಂಗ್ಲೆಂಡಿನ ಅಬ್ರಹಾಮ್ಸ್ ಮತ್ತು ಮಿಲ್ಲರ್ ಅಲ್ಲಿನ ಪ್ರೌಢಶಾಲೆಗಳ 25 ಪ್ರಯೋಗ ಪಾಠಗಳನ್ನು ಕೂತು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ಮಕ್ಕಳು ಹೇಳಿದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಾರೆ, ಆದರೆ ಅದರ ಹಿಂದಿನ ವಿಚಾರದ ಕಡೆಗೆ ಅವರ ಮನಸ್ಸು ತಾನಾಗಿ ಹೊರಳುವುದಿಲ್ಲ. ಹಾಗಾಗಿ ನಾನು ದೀಪ ಹಚ್ಚುವ ಮೊದಲೇ ಏನಾಗಬಹುದೆಂದು ಪ್ರತಿಯೊಬ್ಬರಿಂದಲೂ ಬರೆಸುತ್ತೇನೆ.

ಹೀಗೆ ಮೊದಲೇ ಊಹಿಸಿ ಮಾಡಬಹುದಾದ ರಿಯೋ ಎಲೆಯ ಪ್ರಯೋಗವನ್ನೇ ನೋಡಿ. ಮೈಸೂರಿನ ಎಷ್ಟೋ ಮನೆಗಳ ಕಾಂಪೌಂಡಿನಲ್ಲಿ, ಪಾರ್ಕಿನ ಅಂಚಿನಲ್ಲಿ ಈ ಗಿಡ ಇದೆ: ಮೇಲೆ ಹಸಿರು, ಕೆಳಗೆ ನೇರಳೆ. ಎಲೆ ಮುರಿದು ನೇರಳೆ ಬದಿಯ ತೆಳು ಪೊರೆ ಎಳೆದು, ಸ್ಲೈಡಿನ ಮೇಲೆ ನೀರಿನ ಹನಿಯಲ್ಲಿಟ್ಟು ನೋಡಿದರೆ ಬಣ್ಣ ತುಂಬಿದ ಕೋಶಗಳ ಸಾಲು ಕಾಣುತ್ತದೆ. ಗಟ್ಟಿ ಉಪ್ಪುನೀರು ಬಿಟ್ಟು ಕೆಲವು ನಿಮಿಷ ಕಾದರೆ ನೇರಳೆ ಭಾಗ ಗೋಡೆ ಬಿಟ್ಟು ಒಳಗೆ ಸರಿಯುತ್ತದೆ. ನೀರು ಹೊರಗೆ ಹೋಗಿದೆ. ಕುದಿಸಿದ ಎಲೆಯಲ್ಲಿ ಹಾಗಾಗುವುದಿಲ್ಲ. ಯಾಕೆ? ಜೀವವಿರುವ ಪೊರೆಯೇ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆರಿಸುತ್ತದೆ. ಕುದಿಸಿದರೆ ಆ ಶಕ್ತಿ ಹೋಗುತ್ತದೆ. ಇಷ್ಟಕ್ಕೆ ಬೇಕಾದದ್ದು ಒಂದು ಮೈಕ್ರೋಸ್ಕೋಪ್, ಒಂದು ಎಲೆ, ಅಡುಗೆಮನೆಯ ಉಪ್ಪು.

ಮಕ್ಕಳ ತಂದೆ ತಾಯಿಯಲ್ಲಿ ನನ್ನದೊಂದು ಕೋರಿಕೆ. ಶಾಲೆಯಲ್ಲಿ ಲ್ಯಾಬ್ ಇದೆಯೇ ಎಂದು ಕೇಳಿ ಸುಮ್ಮನಾಗಬೇಡಿ. ಮಗುವಿನ ರೆಕಾರ್ಡ್ ಪುಸ್ತಕ ತೆರೆಯಿರಿ, ಅದರ ಗೆಳತಿಯದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ನೀರು ಸರಿಯಾಗಿ ನೂರಕ್ಕೇ ಕುದ್ದಿದ್ದರೆ ಮುಂದಿನ ಪೋಷಕರ ಸಭೆಯಲ್ಲಿ ವಿಜ್ಞಾನದ ಮೇಷ್ಟ್ರ ಹತ್ತಿರ ಕೂತು, ಈ ರೀಡಿಂಗ್ ತೆಗೆದುಕೊಂಡವರು ಯಾರು ಎಂದು ಕೇಳಿ.