ಕರಾಚಿಗೆ ಬರಬೇಕಿದ್ದ ಹಡಗು

ಹಳೇ ಬಟ್ಟೆಗೆ ತೇಪೆ ಹಚ್ಚಿ ಎಷ್ಟು ದಿನ ತಳ್ಳಬಹುದು? ನಮ್ಮ ಇಳಕಲ್ಲಿನ ನೇಕಾರರನ್ನು ಕೇಳಿ, ಹೇಳ್ತಾರೆ. ಬ್ರಿಟಿಷರು ಕೇಳಲಿಲ್ಲ. 1930ರ ಅಕ್ಟೋಬರ್ 4ರ ಸಂಜೆ ಆರ್-101 ವಾಯುನೌಕೆಯನ್ನು ಕರಾಚಿಗೆ ಹೊರಡಿಸಿಯೇ ಬಿಟ್ಟರು. ಆಗ ಕರಾಚಿ, ಬಾದಾಮಿ, ಹುನಗುಂದ ಎಲ್ಲ ಒಂದೇ ಮುಂಬಯಿ ಪ್ರಾಂತ್ಯ ನೋಡ್ರಿ. ಅದಕ್ಕೇ ಈ ಕಥೆ ನನಗೆ ದೂರದ್ದು ಅನ್ನಿಸೋದಿಲ್ಲ.

ಒಳಗೆ ಹೊತ್ತಿಕೊಳ್ಳುವ ಹೈಡ್ರೋಜನ್, ಹೊರಗೆ ಬಟ್ಟೆಯ ಹೊದಿಕೆ. ಪರೀಕ್ಷೆ ಪೂರ್ತಿ ಮುಗಿದಿರಲಿಲ್ಲ. ಆದರೆ ನಾಸಿಕದಲ್ಲಿ ಹುಟ್ಟಿದ ವಾಯುಯಾನ ಸಚಿವ ಥಾಮ್ಸನ್‌ಗೆ ಅವಸರ: 20ರೊಳಗೆ ಲಂಡನ್ನಿಗೆ ವಾಪಸಾಗಬೇಕು! ಮಳೆಗಾಳಿಗೆ ಮೂತಿಯ ಬಟ್ಟೆ ಹರಿದು ಅನಿಲ ಸೋರಿರಬೇಕು ಅಂದಿತು ತನಿಖೆ. ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ ಉರಿಯಿತು. 54 ಮಂದಿಯಲ್ಲಿ 48 ಜನ ಸತ್ತರು, ಥಾಮ್ಸನ್ ಕೂಡ.

ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದ್ದ ಆರ್-100 ಕೂಡ ಗುಜರಿ ಸೇರಿತು. ಕರಾಚಿಯಲ್ಲಿ ಕಟ್ಟಿದ್ದ ಭಾರೀ ಶೆಡ್ಡಿಗೆ ಹಡಗು ಬರಲೇ ಇಲ್ಲ.